ದೊಡ್ಡಮ್ಮ ಬರೆಯೋದು ನಿಲ್ಸಿದ್ದು

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ 39 ಜನ ಇದೀವಿ. ಅದ್ರಲ್ಲಿ ಸ್ವಂತವಾಗಿ ನಾಲ್ಕು ಸಾಲು ಬರೆಯೋರು ಅಂದ್ರೆ ಐದಾರು ಜನ ಅಷ್ಟೆ, ಮಿಕ್ಕೋರೆಲ್ಲ ಬೆಳಗಾದ್ರೆ ಗುಲಾಬಿ ಹೂವು, ಸಂಕಷ್ಟಿ ದಿನ ಗಣಪತಿ, ಯಾರಾದ್ರೂ ತೀರ್ಕೊಂಡ್ರೆ ಓಂ ಶಾಂತಿ, ಇಷ್ಟರಲ್ಲೇ ಮುಗಿಸೋ ಪೈಕಿ. ಆ ಐದಾರು ಜನದಲ್ಲಿ ನಂಗೆ ತುಂಬಾ ಇಷ್ಟ ಆಗ್ತಿದ್ದಿದ್ದು ಲಗ್ಗೆರೆ ದೊಡ್ಡಮ್ಮನ ಮೆಸೇಜು. ಇಷ್ಟ ಆಗ್ತಿತ್ತು ಅಂತ ಈಗ ಹೇಳ್ತಿದೀನಿ, ಆಗ ಅವರ ಹತ್ರ ಒಂದ್ಸಲನೂ ಹೇಳಿರ್ಲಿಲ್ಲ.

ದೊಡ್ಡಮ್ಮ ಓದಿದ್ದು ಏಳನೇ ಕ್ಲಾಸು, ಕುಣಿಗಲ್ ಕಡೆ ಒಂದು ಹಳ್ಳಿಲಿ. ಮದುವೆ ಆಗಿ ಬೆಂಗಳೂರಿಗೆ ಬಂದ್ಮೇಲೆ ಪೀಣ್ಯದ ಗಾರ್ಮೆಂಟ್ಸಲ್ಲಿ ಇಪ್ಪತ್ತು ವರ್ಷದ ಮೇಲೆ ಶರ್ಟಿನ ಕಾಲರ್ ಹೊಲಿದಿದಾರೆ. 2020ರ ಲಾಕ್‌ಡೌನಲ್ಲಿ ಮೊಮ್ಮಗಳ ಕೈಲಿ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಸ್ಕೊಂಡು ಒಂದೇ ಬೆರಳಲ್ಲಿ ಕುಟ್ಟೋಕೆ ಶುರು ಮಾಡಿದ್ರು ನೋಡಿ, ಆಮೇಲೆ ಹಿಡಿಯೋರೇ ಇಲ್ಲ. ಒಂದು ಮೆಸೇಜ್ ನನ್ನ ಫೋನಲ್ಲಿ ಇನ್ನೂ ಇದೆ, ಹಾಗೇ ಇಳಿಸ್ತೀನಿ: "ಇವತ್ತು ಅಳಸಂದೆ ಕಾಳ್ ಉಳಿ ಮಾಡಿದ್ದೆ ನಿಮ್ ದೊಡಪ್ಪ ಇದ್ದಿದ್ರೆ ಇನ್ನೊಂದ್ ಮುದ್ದೆ ಹಾಕು ಹನ್ನೋರು ಮಳೆ ಬತ್ತಾ ಅದೆ ಬಟ್ಟೆ ವಣಗಿಲ್ಲ ಯಾರ್ಯಾರು ಊಟ ಮಾಡುದ್ರಿ". ಎಲ್ಲೂ ಒಂದು ಚುಕ್ಕಿ ಇಲ್ಲ, ಕಾಮಾ ಇಲ್ಲ. ಹುಳಿ ಹೋಗಿ ಬಡಗಿ ಉಳಿ ಆಗಿದೆ. ಆದ್ರೆ ದೊಡ್ಡಪ್ಪ ಹೋಗಿ ಎರಡು ವರ್ಷ ಆದ್ಮೇಲೆ ಆ ಮನೇಲಿ ಮಧ್ಯಾಹ್ನ ಹೇಗಿರುತ್ತೆ ಅನ್ನೋದು ಇಷ್ಟರಲ್ಲಿ ಪೂರ್ತಿ ಇದೆ ಅಲ್ವಾ.

ಆಮೇಲೆ ಒಂದಿನ ದೊಡ್ಡಮ್ಮ ಯಾವುದೋ ಬೀಗರ ಮದುವೆಗೆ ಹೋಗಿ ಬಂದು ಬರೆದ್ರು, "ಬೀಗರು ತುಂಬಾ ಹಾದರದಿಂದ ನೋಡ್ಕಂಡ್ರು".

ಓದ್ತಿರೋ ನೀವೂ ನಕ್ಕಿರ್ತೀರ. ಗ್ರೂಪಲ್ಲೂ ಅದೇ ಆಯ್ತು, ನಗೋ ಸ್ಟಿಕರ್ ಮೇಲೆ ಸ್ಟಿಕರ್ ಬಿತ್ತು, ಚಿಕ್ಕಪ್ಪನ ಮಗ ಒಬ್ಬ "ಯಾವ್ ಬೀಗರು ದೊಡ್ಡಮ್ಮ, ನಂಗೂ ಅಡ್ರೆಸ್ ಕೊಡಿ" ಅಂತ ಹಾಕ್ದ. ನಾನು ಸ್ಟಿಕರ್ ಹಾಕ್ಲಿಲ್ಲ. ನಾನು ಅದಕ್ಕಿಂತ ಕಡೆ, ಒಂದು ನಕ್ಷತ್ರ ಇಟ್ಟು "ಆದರದಿಂದ" ಅಂತ ಬರೆದು, ಕೆಳಗೆ "ಆದರ ಅಂದ್ರೆ ಗೌರವ, ಹಾದರ ಬೇರೆ ಪದ ದೊಡ್ಡಮ್ಮ, ಹುಷಾರು" ಅಂತ ಪಾಠ ಹೇಳ್ದೆ. ಎರಡು ನೀಲಿ ಟಿಕ್ ಬಂತು. ಅವತ್ತಿಂದ ದೊಡ್ಡಮ್ಮ ಸ್ವಂತವಾಗಿ ಏನೂ ಬರೀಲಿಲ್ಲ. ಅವರೂ ಗುಲಾಬಿ ಹೂವಿನ ಪಾರ್ಟಿ ಸೇರಿದ್ರು.

ನನ್ನ ಈ ಚಟಕ್ಕೆ ಒಂದು ಹಿನ್ನೆಲೆ ಇದೆ. ಈಗ ಮಾಡ್ತಿರೋ ಕೆಲಸಕ್ಕೆ ಬರೋಕೆ ಮುಂಚೆ ಆರು ವರ್ಷ ಚಾಮರಾಜಪೇಟೆ ಕಡೆ ಒಂದು ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ದೆ. ಹದಿನಾರು ಪುಟಕ್ಕೆ ಒಂದು ಫಾರಂ, ಫಾರಂ ಲೆಕ್ಕದಲ್ಲಿ ದುಡ್ಡು, ಕೈಲಿ ಕೆಂಪು ಪೆನ್ನು. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದ ಫೈಲ್ ಇನ್ನೊಂದು ಕಂಪ್ಯೂಟರಲ್ಲಿ ಫಾಂಟ್ ಇಲ್ದೆ ಓಪನ್ ಆದ್ರೆ 'ಕನ್ನಡ' ಅನ್ನೋ ಪದದ ಮಧ್ಯೆ ಬ್ರಿಟಿಷರ ಪೌಂಡ್ ಗುರುತು ಬಂದು ಕೂತಿರೋದು, ಆ ಕಾಲ. ಕೂಲಂಕಷನ ಕೂಲಂಕುಷ ಅಂತ ಬರೆಯೋರು, ಕೋಟ್ಯಧಿಪತಿಗೆ ಒಂದು ದೀರ್ಘ ಎಕ್ಸ್‌ಟ್ರಾ ಕೊಟ್ಟು ಕೋಟ್ಯಾಧಿಪತಿ ಮಾಡೋರು, ಗೃಹಪ್ರವೇಶದ ಕಾರ್ಡಲ್ಲಿ ಗ್ರಹಪ್ರವೇಶ ಮಾಡಿಸೋರು, ಎಲ್ಲರನ್ನೂ ತಿದ್ದಿ ತಿದ್ದಿ ಕಣ್ಣು ಹಂಗೇ ಆಗೋಯ್ತು. ಈಗ್ಲೂ ಬಿಎಂಟಿಸಿ ಬಸ್ಸಲ್ಲಿ ಕೂತ್ರೆ ಕಿಟಕಿ ಆಚೆ ಹೋಗೋ ಹುಟ್ಟುಹಬ್ಬದ ಫ್ಲೆಕ್ಸಲ್ಲಿ 'ಹಾರ್ಧಿಕ ಶುಭಾಷಯ' ಮೊದಲು ಕಾಣುತ್ತೆ, ಆಮೇಲೆ ಬರ್ತ್‌ಡೇ ಯಾರದ್ದು ಅಂತ ಮುಖ ಕಾಣುತ್ತೆ.

ಆ ಪ್ರೆಸ್ಸಲ್ಲೇ ಒಂದು ಮದುವೆ ಕಾರ್ಡು ನನ್ನ ಕೈಲಿ ಕೆಟ್ಟಿತ್ತು. ಒಂದು ಒತ್ತಕ್ಷರ ತಪ್ಪಿರ್ಲಿಲ್ಲ, ಆಗಮನಾಭಿಲಾಷಿಗಳು ಸರಿ ಇತ್ತು, ಜ್ಯೇಷ್ಠ ಪುತ್ರಿಯ ಷ ಕೆಳಗೆ ಠ ಸರಿ ಇತ್ತು, ಎರಡು ಸಲ ಓದಿ ಸೈನ್ ಮಾಡಿ ಕೊಟ್ಟೆ. 500 ಕಾರ್ಡ್ ಅಚ್ಚಾಗಿ ಹೋದ್ಮೇಲೆ ಹೆಣ್ಣಿನ ತಂದೆ ವಾಪಸ್ ಬಂದು ಕೌಂಟರ್ ಮೇಲೆ ಒಂದು ಕಾರ್ಡ್ ಇಟ್ಟು ಏನೂ ಮಾತಾಡದೆ ಬೆರಳಿಟ್ಟು ತೋರಿಸಿದ್ರು, ತಾರೀಖು ಸರಿ, ವಾರ ತಪ್ಪು. ಭಾನುವಾರದ ಮುಹೂರ್ತಕ್ಕೆ ಸೋಮವಾರ ಅಂತ ಹೊಡೆದಿತ್ತು. ಅಕ್ಷರ ಕಾಯ್ತಾ ಕೂತೋನಿಗೆ ಅರ್ಥ ತಪ್ಪಿಸ್ಕೊಂಡು ಹೋಗಿದ್ದು ಗೊತ್ತಾಗ್ಲಿಲ್ಲ. ಅವರು ನೆಂಟರಿಗೆಲ್ಲ ಫೋನ್ ಮಾಡಿ ಮಾಡಿ ಹೇಳಿದ್ರಂತೆ. ಇಷ್ಟಾದ್ಮೇಲೂ ನಂಗೆ ಬುದ್ಧಿ ಬರ್ಲಿಲ್ಲ ಅನ್ನೋದು ಬೇರೆ ಮಾತು.

ಬುದ್ಧಿ ಬಂದಿದ್ದು ಆ 'ಹನ್ನೋರು' ಅನ್ನೋ ಪದದಿಂದ. ದೊಡ್ಡಮ್ಮ ಸುಮ್ಮನಾಗಿ ಎಷ್ಟೋ ತಿಂಗಳಾದ್ಮೇಲೆ ಹಳೇ ಮೆಸೇಜೆಲ್ಲ ಮೇಲಿಂದ ಓದ್ತಾ ಕೂತಿದ್ದೆ. ಹುಳಿನ ಉಳಿ ಅಂತ ಬರೆದಿದಾರೆ, ಅದು ಅರ್ಥ ಆಗುತ್ತೆ, ನಮ್ಮ ಕಡೆ ಬಾಯಲ್ಲಿ ಹ ನಿಲ್ಲಲ್ಲ, ಹಾಸನ ಆಸನ ಆಗುತ್ತೆ, ಹೆಂಡ್ತಿ ಎಂಡ್ತಿ ಆಗ್ತಾಳೆ. ಆದ್ರೆ ಅನ್ನೋರು ಹೇಗೆ ಹನ್ನೋರು ಆಯ್ತು? ಬಾಯಲ್ಲಿ ದೊಡ್ಡಮ್ಮ ಯಾವತ್ತೂ ಹನ್ನೋರು ಅನ್ನಲ್ಲ. ಯಾರೂ ಅನ್ನಲ್ಲ. ಹಾದರನೂ ಅಷ್ಟೆ, ಆ ಹ ಅವರ ನಾಲಿಗೆಯಿಂದ ಬಂದಿದ್ದಲ್ಲ. ಅದು ಬಂದಿರೋದು ಇಸ್ಕೂಲಿಂದ. ಆಲು ಅಲ್ಲ ಕಣೇ ಹಾಲು, ಅಸು ಅಲ್ಲ ಹಸು ಅಂತ ಬೆರಳ ಗಿಣ್ಣಿನ ಮೇಲೆ ಸ್ಕೇಲಲ್ಲಿ ಹೊಡೆದು ಹೊಡೆದು ಹೇಳ್ಕೊಟ್ಟ ಮೇಲೆ, ಆ ಮಗುಗೆ ಎಲ್ಲಿ ಹ ಇದೆ ಎಲ್ಲಿ ಇಲ್ಲ ಅಂತ ಪದ ಪದಕ್ಕೂ ಅನುಮಾನ. ಬರೆಯುವಾಗ ಯಾವುದಕ್ಕೂ ಇರ್ಲಿ ಅಂತ ಒಂದು ಹ ಸೇರಿಸುತ್ತೆ. ಅಂದ್ರೆ ಹಾದರ ಅನ್ನೋ ತಪ್ಪು ಓದ್ದೇ ಇದ್ದಿದ್ದರಿಂದ ಆಗಿದ್ದಲ್ಲ, ತಿದ್ದಿಸ್ಕೊಂಡಿದ್ದರಿಂದ ಆಗಿದ್ದು. ಐವತ್ತು ವರ್ಷದ ಹಿಂದೆ ಯಾರೋ ಮೇಷ್ಟ್ರು ತಿದ್ದಿದ್ದರ ಗಾಯದ ಮೇಲೆ ನಾನು ಮತ್ತೆ ನಕ್ಷತ್ರ ಇಟ್ಟೆ.

ಇದರಲ್ಲಿ ಇನ್ನೊಂದು ವಿಷಯ ಇದೆ, ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ಹ-ಅ ಅದಲು ಬದಲು, ಶ ಬದಲು ಸ, ಮಹಾಪ್ರಾಣ ಹೋಗಿ ಅಲ್ಪಪ್ರಾಣ, ಈ ಮೂರು ತಪ್ಪಿಗೆ ಬೀಳೋ ನಗು ಬೇರೆ ತಪ್ಪಿಗೆ ಬೀಳಲ್ಲ. ಯಾಕಂದ್ರೆ ಆ ಮೂರು ಕೇಳಿದ ತಕ್ಷಣ ಊರು, ಜಾತಿ, ಅಪ್ಪ ಏನ್ ಕೆಲಸ ಮಾಡ್ತಿದ್ದ, ಎಲ್ಲ ಲೆಕ್ಕ ಹಾಕ್ಬಿಡ್ತಾರೆ. ಕೋಟ್ಯಾಧಿಪತಿ ಅನ್ನೋದು ಸಂಧಿ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡ ತಪ್ಪು, ಆದ್ರೆ ಓದಿರೋರೂ ಮಾಡೋ ತಪ್ಪದು, ಅದಕ್ಕೆ ಯಾರೂ ನಗಲ್ಲ.

ಇನ್ನೊಂದು ಮಜಾ ಏನಪ್ಪ ಅಂದ್ರೆ, ನಾವು ಇಷ್ಟು ಕಾಪಾಡ್ತಿರೋ ಆ ಹ ಹುಟ್ಟಿದ್ದೇ ತಪ್ಪಿಂದ. ಪಂಪ 941ರ ಹೊತ್ತಿಗೆ ಬರೆಯುವಾಗ ಅದು ಪಾಲ್. ಪೂ, ಪುಲಿ, ಪಾಡು. ತಮಿಳು ತೆಲುಗಲ್ಲಿ ಇವತ್ತಿಗೂ ಹಾಲಿಗೆ ಪ ಇಟ್ಕೊಂಡೇ ಇದಾರೆ. ಕನ್ನಡದಲ್ಲಿ ಪದದ ಮೊದಲಿದ್ದ ಪ ಸವೆದು ಸವೆದು ಹ ಆಯ್ತು, ನಡುಗನ್ನಡದ ಹೊತ್ತಿಗೆ ಅದೇ ಸರಿ ಆಯ್ತು. ಮಧ್ಯದಲ್ಲಿ ಯಾವನೋ ಒಬ್ಬ ಪುಣ್ಯಾತ್ಮ ಮೊದಲ ಸಲ ಹಾಲು ಅಂದಾಗ ಪಕ್ಕದಲ್ಲಿ ಕೂತಿದ್ದ ಪಂಡಿತರು ಏನಂದಿರ್ಬೇಕು, ನನ್ನ ತರ ಒಂದು ನಕ್ಷತ್ರ ಇಟ್ಟಿರ್ತಾರೆ. ಪಾಲು ಹಾಲಾಗಿದ್ದು ಬೆಳವಣಿಗೆ ಅಂತ ಭಾಷಾಶಾಸ್ತ್ರದ ಪುಸ್ತಕದಲ್ಲಿ ಓದಿ ಪರೀಕ್ಷೆ ಪಾಸಾದ ನಾನು, ಹಾಲು ಆಲಾಗಿದ್ದನ್ನ ಮಾತ್ರ ದೊಡ್ಡಮ್ಮನ ತಪ್ಪು ಅಂತ ಬರ್ಕೊಂಡೆ.

ಕೇಶಿರಾಜ ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಅನ್ನೋ ವ್ಯಾಕರಣ ಬರೆಯುವಾಗ ೞ ಅನ್ನೋ ಅಕ್ಷರದ ವಿಚಾರಕ್ಕೆ ತುಂಬಾ ತಲೆ ಕೆಡಿಸ್ಕೊಂಡಿದಾನೆ, ಯಾವ ಯಾವ ಪದದಲ್ಲಿ ೞ ಬರುತ್ತೆ ಅಂತ ಪಟ್ಟಿನೇ ಕೊಡ್ತಾನೆ. ಜನ ಎಲ್ಲ ಸರಿಯಾಗೇ ಅಂತಿದ್ರೆ ಪಟ್ಟಿ ಯಾಕೆ ಬೇಕಿತ್ತು ಹೇಳಿ. ಜನ ಪಟ್ಟಿ ಕೇಳ್ಲಿಲ್ಲ, ೞ ಕನ್ನಡದಿಂದ ಹೋಯ್ತು, ಅದರ ಕೆಲಸನೆಲ್ಲ ಳ ಮಾಡ್ತು. ಈಗ ಅದು ಉಳಿದಿರೋದು ಯೂನಿಕೋಡಲ್ಲಿ, ಅಂದ್ರೆ ಎಲ್ಲ ಭಾಷೆ ಅಕ್ಷರಕ್ಕೂ ಕಂಪ್ಯೂಟರಿಗೆ ಅಂತ ಒಂದೊಂದು ನಂಬರ್ ಕೊಟ್ಟಿರೋ ಪಟ್ಟಿಲಿ, ಅಲ್ಲೂ ಅದರ ಹಣೆಬರಹ ನೋಡಿ, ಅದಕ್ಕೆ ಅಧಿಕೃತವಾಗಿ ಇಟ್ಟಿರೋ ಹೆಸರು 'ಕನ್ನಡ ಲೆಟರ್ ಫಾ'. ತಪ್ಪು ಹೆಸರು. ತಪ್ಪು ಅಂತ ಅವರಿಗೂ ಗೊತ್ತು, ಆದ್ರೆ ಒಂದ್ಸಲ ಇಟ್ಟ ಹೆಸರು ಬದಲಾಯಿಸೋ ಹಾಗಿಲ್ಲ ಅನ್ನೋದು ಯೂನಿಕೋಡ್ ನಿಯಮ, ಹಂಗಾಗಿ ಆ ಹೆಸರು ಹಾಗೇ ಇದೆ, ಪಕ್ಕದಲ್ಲಿ ಒಂದು ತಿದ್ದುಪಡಿ ಹೆಸರು ಮಾತ್ರ ಸೇರಿಸಿದಾರೆ. ಪ್ರಪಂಚದ ಎಲ್ಲ ಫೋನು ಕಂಪ್ಯೂಟರುಗಳ ಮಟ್ಟದಲ್ಲಿ ಹಿಂಗೊಂದು ಮಿಸ್ಟೇಕು ಶಾಶ್ವತವಾಗಿ ಕೂತಿರ್ಬೇಕಾದ್ರೆ ದೊಡ್ಡಮ್ಮಂದು ಯಾವ ಲೆಕ್ಕ.

ಫೋನ್ ವಿಷಯ ಬಂತಲ್ಲ, ಅರ್ಧ ತಪ್ಪು ಫೋನಿಂದೇ. ರ್ಯಾಂಕ್ ಅಂತ ಟೈಪ್ ಮಾಡಿ ನೋಡಿ. ರ ಒತ್ತಿ, ಅರ್ಧ ಮಾಡಿ, ಯ ಒತ್ತಿದ್ರೆ ಫೋನ್ ಅದನ್ನ ಸೂರ್ಯ, ಕಾರ್ಯದಲ್ಲಿರೋ ಹಂಗೆ ಅರ್ಕಾವತ್ತು ಮಾಡಿ ಆಚೆ ಎಸೆಯುತ್ತೆ. ರ ಕೆಳಗೆ ಯ ಒತ್ತು ಬರ್ಬೇಕು ಅಂದ್ರೆ ಮಧ್ಯೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ತುರುಕ್ಬೇಕು, ಆಗ ರ‍್ಯಾಂಕ್ ಬರುತ್ತೆ. ಅದು ಎಲ್ಲಿದೆ ಅಂತ ನಂಗೇ ಹುಡುಕೋಕೆ ಅರ್ಧ ಗಂಟೆ ಹಿಡೀತು, ಈಗ ಹುಡುಕೋದು ಬಿಟ್ಟಿದೀನಿ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯೋರ ಕತೆ ಕೇಳ್ಬೇಡಿ, ಅಲ್ಲಿ ಬಿ ಇ ಎಲ್ ಇ ಅಂದ್ರೆ ಬೆಲೆನೂ ಹೌದು, ಬೆಳೆನೂ ಹೌದು, ಬೇಳೆನೂ ಹೌದು. "ಈ ಸಲ ತೊಗರಿ ಬೆಳೆ ಬಂದಿಲ್ಲ ಬೇಳೆ ಬೆಲೆ ಜಾಸ್ತಿ" ಅನ್ನೋದನ್ನ ಆ ಲಿಪಿಲಿ ಬರೆದು ನೋಡಿ. ಆದ್ರೂ ದಿನಸಿ ಅಂಗಡಿಯೋರಿಗೆ ಲಿಸ್ಟ್ ಕಳಿಸಿದ್ರೆ ಸರಿಯಾಗೇ ಮನೆಗೆ ಬರುತ್ತೆ. ಹಲ್ಲಿಗೆ ಹೋಗ್ತಿದೀನಿ ಅಂತ ಯಾರಾದ್ರೂ ಬರೆದ್ರೆ ಊರಿಗೆ ಹೊರಟಿದಾನೆ ಅಂತ್ಲೇ ತಿಳ್ಕೋತೀವಿ, ಹಲ್ಲಿ ನೋಡೋಕೆ ಹೊರಟ ಅಂತ ಯಾರೂ ತಿಳ್ಕೊಳಲ್ಲ.

ಈ ಬೆಂಗಳೂರಲ್ಲಿ ಇನ್ನೊಂದು ತಮಾಷೆ ನಡೆಯುತ್ತೆ. ಆಫೀಸ್ ಗ್ರೂಪಲ್ಲಿ ಇಂಗ್ಲಿಷ್ ಮೆಸೇಜಲ್ಲಿ ಒಂದು ಅಕ್ಷರ ಹಿಂದೆ ಮುಂದೆ ಆದ್ರೆ ಎರಡು ನಿಮಿಷದಲ್ಲಿ "ಸಾರಿ, ಟೈಪೋ" ಅಂತ ಕೆಳಗೆ ಬರುತ್ತೆ, ಯಾರೂ ಕೇಳದೇನೇ. ಅದೇ ಜನ ನವೆಂಬರ್ 1ಕ್ಕೆ ಕೆಂಪು ಹಳದಿ ಶಲ್ಯ ಹಾಕ್ಕೊಂಡು ರಾಜ್ಯೋತ್ಸವದ 'ಶುಭಾಷಯ' ಕೋರ್ತಾರೆ, ಸಾರಿ ಇಲ್ಲ. "ನನ್ನ ಕನ್ನಡ ಸ್ವಲ್ಪ ವೀಕು" ಅಂತ ನಗ್ತಾ ಹೇಳ್ತಾರೆ, ಅದು ಕ್ಯೂಟ್ ಆಗಿ ಕಾಣುತ್ತೆ. ದೊಡ್ಡಮ್ಮ ಹಾಗೆ ಹೇಳೋ ಹಾಗಿಲ್ಲ, ಅವರಿಗೆ ಇರೋದು ಇದೊಂದೇ ಭಾಷೆ. ವೀಕ್ ಅನ್ನೋಕೆ ಇನ್ನೊಂದು ಸ್ಟ್ರಾಂಗ್ ಇರ್ಬೇಕಲ್ಲ ಪಕ್ಕದಲ್ಲಿ.

ಮಿಚಿಗನ್ ಯೂನಿವರ್ಸಿಟಿಲಿ ಜೂಲಿ ಬೋಲಂಡ್, ರಾಬಿನ್ ಕ್ವೀನ್ ಅಂತ ಇಬ್ರು ಭಾಷೆ ಬಗ್ಗೆ ಸಂಶೋಧನೆ ಮಾಡೋರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ರೂಮ್‌ಮೇಟ್ ಬೇಕು ಅನ್ನೋ ಜಾಹೀರಾತಿಗೆ ಬಂದಿರೋ ಹಾಗಿದ್ದ ಇಮೇಲ್‌ಗಳನ್ನ 83 ಜನಕ್ಕೆ ಓದೋಕೆ ಕೊಟ್ಟು, ಕೆಲವದ್ರಲ್ಲಿ ಬೆರಳು ಜಾರಿದ ತಪ್ಪು, ಕೆಲವದ್ರಲ್ಲಿ ವ್ಯಾಕರಣದ ತಪ್ಪು ಬೇಕಂತ್ಲೇ ಇಟ್ಟು, ಇವನ ಜೊತೆ ರೂಮ್ ಹಂಚ್ಕೋತೀರಾ ಅಂತ ಕೇಳಿದ್ರು. ಆಮೇಲೆ ಓದಿದೋರ ಸ್ವಭಾವನೂ ಅಳೆದ್ರು. ವ್ಯಾಕರಣದ ತಪ್ಪಿಗೆ ಜಾಸ್ತಿ ಮುಖ ಸಿಂಡರಿಸಿದೋರು ಯಾರು ಅಂದ್ರೆ ನಾಲ್ಕು ಜನರ ಜೊತೆ ಹೊಂದ್ಕೊಂಡು ಹೋಗೋ ಗುಣ ಕಮ್ಮಿ ಇದ್ದೋರು. ಇದನ್ನ ಓದಿ ನನ್ನ ಹೆಂಡ್ತಿಗೆ ಹೇಳಿದ್ದಕ್ಕೆ, "ಇದಕ್ಕೆ ಅಮೆರಿಕದಲ್ಲಿ 83 ಜನ ಬೇಕಿತ್ತಾ, ನನ್ನೊಬ್ಳನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ" ಅಂದ್ಲು.

ಹಂಗಂತ ಹೆಂಗ್ ಬೇಕಾದ್ರೂ ಬರೀರಿ ಅನ್ನೋ ಪಾರ್ಟಿ ಅಲ್ಲ ನಾನು, ಅಷ್ಟು ಸುಲಭವಾಗಿ ಬಿಡೋ ಆಸಾಮಿ ಅಲ್ಲ. ಮಹಾಪ್ರಾಣನೇ ಬೇಡ, ಕನ್ನಡದೋರ ಬಾಯಲ್ಲಿ ಅದು ಇಲ್ವೇ ಇಲ್ಲ, ಬರಹದಿಂದಲೂ ತೆಗೀರಿ ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದ ಮಾಡಿದ್ರು, ತಮ್ಮ ಹೆಸರನ್ನೇ ಬಟ್ ಅಂತ ಬರೆದ್ಕೊಂಡ್ರು. ಅಕ್ಷರ ಕಲಿಯೋ ಕಷ್ಟ ಯಾರ ತಲೆ ಮೇಲೆ ಬೀಳುತ್ತೆ ಅನ್ನೋ ಅವರ ಪ್ರಶ್ನೆ ನಂಗೆ ನ್ಯಾಯವಾಗೇ ಕಾಣುತ್ತೆ, ಆದ್ರೆ ಬಾರತ, ಬೂಮಿ ಅಂತ ಒಂದು ಪುಟ ಓದುವಷ್ಟರಲ್ಲಿ ನನ್ನ ಕಣ್ಣು ಸೋಲುತ್ತೆ, ಏನ್ ಮಾಡೋದು, ಅಭ್ಯಾಸ. ನಿಘಂಟು ಮಾಡಿದ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಲಿ ವರ್ಷಾನುಗಟ್ಲೆ 'ಇಗೋ ಕನ್ನಡ' ಅಂಕಣ ಬರೆದ್ರು. ಅದನ್ನ ಕತ್ತರಿಸಿ ಇಟ್ಕೊಳೋರಲ್ಲಿ ನಮ್ಮಪ್ಪನೂ ಒಬ್ರು. ಅಲ್ಲಿ ಜನ ಕೇಳಿದ್ರೆ ಅವರು ಹೇಳೋರು. ಕೇಳಿದ್ದಕ್ಕೆ ಹೇಳೋದು ಅನ್ನೋ ಆ ಸಣ್ಣ ವಿಷಯ ನಂಗೆ ಹೊಳೆಯೋಕೆ ಇಷ್ಟು ವರ್ಷ ಬೇಕಾಯ್ತು.

ಯಾರನ್ನ ಬಿಡಲ್ಲ ಅಂದ್ರೆ ಸಂಬಳ ತಗೊಂಡು ತಪ್ಪು ಬರೆಯೋರನ್ನ. ಸರ್ಕಾರದ ದುಡ್ಡಲ್ಲಿ ಹಾಕಿರೋ ಬೋರ್ಡು, ಪಠ್ಯಪುಸ್ತಕ, ಬ್ಯಾಂಕಿನ ಫಾರಂ, ಔಷಧಿ ಡಬ್ಬಿ ಮೇಲಿನ ಸಾಲು, ಇಂಗ್ಲಿಷಿಂದ ಮಷೀನಿಗೆ ಹಾಕಿ ತೆಗೆದು ಒಬ್ಬ ಕನ್ನಡದವನೂ ಓದಿ ನೋಡ್ದೆ ಅಂಟಿಸೋ ಜಾಹೀರಾತು, ಇವಕ್ಕೆಲ್ಲ ಕೆಂಪು ಪೆನ್ನು ಇರ್ಲೇಬೇಕು, ನನ್ನ ಕೈಲಾದ್ರೆ ದಂಡನೂ ಹಾಕ್ತೀನಿ. ಅಲ್ಲಿ ಓದೋನು ವಾಪಸ್ ಕೇಳೋಕಾಗಲ್ಲ. ವಾಟ್ಸಾಪಲ್ಲಿ ಅರ್ಥ ಆಗ್ದಿದ್ರೆ "ಏನ್ ದೊಡ್ಡಮ್ಮ?" ಅಂದ್ರೆ ಮುಗೀತು.

ಹೋದ ವರ್ಷ ಆಷಾಢದಲ್ಲಿ ಒಂದಿನ ಲಗ್ಗೆರೆಗೆ ಹೋಗಿದ್ದೆ. ಟೀ ಕೊಟ್ಟು ಅವರು ಸೊಪ್ಪು ಬಿಡಿಸ್ತಾ ಕೂತ್ರು. ಗ್ರೂಪಲ್ಲಿ ಯಾಕ್ ದೊಡ್ಡಮ್ಮ ಈಗ ಬರೆಯಲ್ಲ ಅಂತ ನಾನೇ ತೆಗೆದೆ, ಗೊತ್ತಿಲ್ದೋನ ತರ. ತಲೆ ಎತ್ತದೆ ಅಂದ್ರು, "ಬರುದ್ರೆ ನಗ್ತೀರ, ಪೋನ್ ಮಾಡುದ್ರೆ ಎತ್ತಕ್ಕಿಲ್ಲ, ಏನ್ ಮಾಡನ ಯೋಳು". ನಾನು ಆ ಹಾಲು ಪಾಲು ಕತೆ ಎಲ್ಲ ಹೇಳೋಕೆ ಹೊರಟೆ, ಅವರು ಸ್ವಲ್ಪ ಕೇಳ್ಕೊಂಡು "ಅಂಗಾದ್ರೆ ನಮ್ದೇ ಸರಿ ಅನ್ನು" ಅಂದ್ರು, ಅಂದು ದಂಟಿನ ನಾರು ತೆಗೆಯೋದು ಮುಂದುವರಿಸಿದ್ರು. ಸಾರಿ ಅಂತ ಹೇಳೋಕೆ ನಂಗೆ ಅಲ್ಲಿ ಸಂದು ಸಿಗ್ಲಿಲ್ಲ. ಅಥವಾ ಸಿಕ್ಕಿತ್ತು, ಹೇಳ್ಲಿಲ್ಲ.

ಗ್ರೂಪಿಗೆ ಅವರು ವಾಪಸ್ ಬರೆದಿಲ್ಲ ಇನ್ನೂ. ಆದ್ರೆ ಗೌರಿ ಹಬ್ಬಕ್ಕೆ ಮುಂಚಿನ ದಿನ ರಾತ್ರಿ ಒಂಬತ್ತು ಗಂಟೆಗೆ ನಂಗೊಬ್ಬನಿಗೇ ಒಂದು ಮೆಸೇಜ್ ಬಂತು: "ನಾಳಿಕೆ ಅಬ್ಬಕ್ಕೆ ಬಾ ಮಗ ಒಬ್ಬಟ್ ಮಾಡ್ತಿವ್ನಿ ಬತ್ತಾ ಆಲು ಎಲ್ಡ್ ಪಾಕಿಟು ತಕಂಬಾ ಇಲ್ಲಿ ಕಾಲಿ ಹಾಗದೆ". ಅಬ್ಬಕ್ಕೆ ಹ ಇಲ್ಲ, ಆಲಿಗೆ ಹ ಇಲ್ಲ, ಉಳಿಸಿದ ಹ ಎಲ್ಲ ತಂದು ಕೊನೇಲಿ 'ಹಾಗದೆ'ಗೆ ಹಾಕಿದಾರೆ. 

2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ಯೂನಿವರ್ಸಿಟಿಯೋರು 126 ವಿದ್ಯಾರ್ಥಿಗಳ ಹತ್ರ ಇನ್ನೊಂದು ಅಧ್ಯಯನ ಮಾಡಿದ್ರು, ಮೊಬೈಲ್ ಮೆಸೇಜಿಗೆ ಒಂದು ಪದದ ಉತ್ತರ ಕೊಟ್ಟು ಕೊನೆಗೆ ಫುಲ್‌ಸ್ಟಾಪ್ ಇಟ್ರೆ ಓದೋರಿಗೆ ಅದು ಮನಸ್ಸಿಲ್ದೆ ಹೇಳಿದ ಹಾಗೆ ಕೇಳುತ್ತಂತೆ, ಅದೇ ಉತ್ತರ ಕೈಬರಹದ ಚೀಟಿಲಿದ್ರೆ ಆ ವ್ಯತ್ಯಾಸ ಇಲ್ವಂತೆ. ಪ್ರೂಫ್ ನೋಡಿದ ಕೈ ನಂದು, ಚುಕ್ಕಿ ಇಲ್ದೆ ಯಾವ ಸಾಲೂ ಬಿಡಲ್ಲ. "ಆಯ್ತು ದೊಡ್ಡಮ್ಮ, ಆಲು ತರ್ತೀನಿ." ಅಂತ ಹೊಡೆದೆ. ಫೋನ್ ಆಲು ಕೆಳಗೆ ಕೆಂಪು ಗೆರೆ ಎಳೀತು, ಅದನ್ನ ಹಾಗೇ ಬಿಟ್ಟೆ. ಕೊನೇ ಚುಕ್ಕಿ ಒಂದು ಅಳಿಸಿ ಕಳಿಸ್ದೆ.